ಬಿಸಿ ಗಾಳಿ ಮತ್ತು ಕುಗ್ಗುವ ಪಿಕಪ್: ಎಂಜಿನ್ ಎಳೆದುಕೊಳ್ಳುವ ಗಾಳಿಯ ಉಷ್ಣತೆಯನ್ನು ಅಳೆದು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆಗೆ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಕಾರಿನಲ್ಲಿ ಹೊರಡುವ ಕನ್ನಡಿಗರು ಪ್ರತಿ ವರ್ಷ ಒಂದೇ ದೂರು ಹೇಳುತ್ತಾರೆ. ಡಿಸೆಂಬರಿನಲ್ಲಿ ಮೂರನೇ ಗಿಯರಿನಲ್ಲಿ ಸಲೀಸಾಗಿ ಏರಿದ ಖಂಬಾಟ್ಕಿ ಘಾಟಿನಲ್ಲಿ ಏಪ್ರಿಲ್ ಮಧ್ಯಾಹ್ನ ಅದೇ ಕಾರು ಎರಡನೇ ಗಿಯರ್ ಕೇಳುತ್ತದೆ. ಎ.ಸಿ. ಹಾಕಿದ್ದರೆ ಮತ್ತಷ್ಟು ಕುಗ್ಗುತ್ತದೆ. ಗ್ಯಾರೇಜಿಗೆ ಹೋದರೆ ಕ್ಲಚ್ ಪ್ಲೇಟ್, ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಸ್ವಚ್ಛಗೊಳಿಸುವುದು ಎಂದು ಬಿಲ್ ಬೆಳೆಯುತ್ತದೆ. ಇಲ್ಲವೇ ಯಾರೋ ‘ಕೋಲ್ಡ್ ಏರ್ ಇನ್‌ಟೇಕ್’ ಎಂಬ ಹೊಳೆಯುವ ಪೈಪನ್ನು ಮಾರುತ್ತಾರೆ. ಎಂಜಿನ್ ಒಳಗೆ ಹೋಗುತ್ತಿರುವ ಗಾಳಿ ಎಷ್ಟು ಬಿಸಿಯಾಗಿದೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ಅದನ್ನು ನೋಡಲು ಮೊಬೈಲ್ ಮತ್ತು ಒಂದು ಸಣ್ಣ ಸಾಧನ ಸಾಕು. ಹಣ ಖರ್ಚು ಮಾಡುವ ಮೊದಲು ಅಳೆಯಿರಿ. ಅಳೆದ ಮೇಲೆ, ಕಾರು ತಯಾರಿಸಿದವರು ತಂಪು ಗಾಳಿಗೆಂದು ಮಾಡಿಟ್ಟ ದಾರಿಯನ್ನು ಮೊದಲು ಸರಿಪಡಿಸಿ. ಈ ಬರಹದಲ್ಲಿರುವುದು ಆ ಕೆಲಸದ ವಿವರ.

ಬಿಸಿ ಗಾಳಿ ಮಾಡುವುದೇನು?

ಪೆಟ್ರೋಲ್ ಪೂರ್ಣವಾಗಿ ಉರಿಯಲು 1 ಕಿಲೋ ಇಂಧನಕ್ಕೆ ಸುಮಾರು 14.7 ಕಿಲೋ ಗಾಳಿ ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯ ತೂಕ, ಗಾತ್ರವಲ್ಲ. ಸಿಲಿಂಡರಿನ ಗಾತ್ರವಂತೂ ಬದಲಾಗುವುದಿಲ್ಲ. ಆದರೆ ಗಾಳಿ ಬಿಸಿಯಾದಂತೆ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಣ ಗಾಳಿ ಘನ ಮೀಟರಿಗೆ 1.18 ಕಿಲೋ ತೂಗಿದರೆ, 45 ಡಿಗ್ರಿಯಲ್ಲಿ 1.11 ಕಿಲೋ, 60 ಡಿಗ್ರಿಯಲ್ಲಿ 1.06 ಕಿಲೋ ತೂಗುತ್ತದೆ. ಪ್ರತಿ 3 ಡಿಗ್ರಿಗೆ ಶೇಕಡಾ 1ರಷ್ಟು ನಷ್ಟ ಎಂದು ನೆನಪಿಟ್ಟುಕೊಳ್ಳಬಹುದು.

ಶಕ್ತಿ ಮಾತ್ರ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಎಂಜಿನ್ ಶಕ್ತಿಯನ್ನು ಅಳೆಯುವ ಐಎಸ್‌ಒ 1585 ಮಾನದಂಡ 25 ಡಿಗ್ರಿ ಉಷ್ಣತೆ ಮತ್ತು 99 ಕಿಲೋಪಾಸ್ಕಲ್ ಒಣ ಗಾಳಿಯ ಒತ್ತಡವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಟರ್ಬೋ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಅದರ ಸೂತ್ರದ ಪ್ರಕಾರ 10 ಡಿಗ್ರಿ ಏರಿದರೆ ಶಕ್ತಿ ಸುಮಾರು ಶೇಕಡಾ 2ರಷ್ಟು ಇಳಿಯುತ್ತದೆ. ಮೊದಲೇ ಬಿಸಿಯಾಗಿರುವ ಗಾಳಿ ಎಂಜಿನ್ನಿನ ಬಿಸಿ ಗೋಡೆಗಳಿಂದ ಹೊಸದಾಗಿ ಪಡೆಯುವ ಶಾಖ ಕಡಿಮೆ, ಇಂಧನವೂ ಅದರಲ್ಲಿ ಬೇಗ ಆವಿಯಾಗುತ್ತದೆ. ಆದ್ದರಿಂದ ನಷ್ಟ ತುಸು ತಗ್ಗುತ್ತದೆ.

ಇದಕ್ಕೆ ಪುಣೆಯ ಎತ್ತರವನ್ನು ಸೇರಿಸಿ. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ; ಗಾಳಿಯ ಒತ್ತಡ ಮುಂಬೈಗಿಂತ ಶೇಕಡಾ 6ರಷ್ಟು ಕಡಿಮೆ. ಕಂಪನಿಯ ಕೈಪಿಡಿಯಲ್ಲಿ 100 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಎಂದು ಬರೆದಿರುವ ಎಂಜಿನ್ 50 ಡಿಗ್ರಿಯ ಗಾಳಿ ಎಳೆದುಕೊಂಡರೆ ಪುಣೆಯಲ್ಲಿ ಸಿಗುವುದು ಸ್ಥೂಲವಾಗಿ 89 ಪಿಎಸ್. 70 ಡಿಗ್ರಿಯಾದರೆ 86ರ ಆಸುಪಾಸು. ಎತ್ತರದ ನಷ್ಟವನ್ನು ನಾವು ಏನೂ ಮಾಡಲಾಗದು. ಉಷ್ಣತೆಯ ನಷ್ಟದಲ್ಲಿ ಒಂದು ಭಾಗ ನಮ್ಮ ಕೈಯಲ್ಲಿದೆ. ಮುಂಬೈಯವರಿಗೆ ಎತ್ತರದ ತೊಂದರೆಯಿಲ್ಲ, ಆದರೆ ತೇವಾಂಶವಿದೆ. 32 ಡಿಗ್ರಿಯಲ್ಲಿ ಶೇಕಡಾ 75ರ ಆರ್ದ್ರತೆ ಇದ್ದರೆ ಒಟ್ಟು ಒತ್ತಡದಲ್ಲಿ ಸುಮಾರು ಶೇಕಡಾ 3.5ರ ಪಾಲು ನೀರಾವಿಯದು, ಅಷ್ಟು ಆಮ್ಲಜನಕ ಹೊರಗುಳಿಯಿತು ಎಂದೇ ಅರ್ಥ. ಗೋವಾದ ಕರಾವಳಿಯಲ್ಲಿಯೂ ಮೇ ತಿಂಗಳಲ್ಲಿ ಹೀಗೆಯೇ.

ಚಾಲಕನ ಕಾಲಿಗೆ ಗೊತ್ತಾಗುವಷ್ಟು ದೊಡ್ಡ ನಷ್ಟ ಬರುವುದು ಇನ್ನೊಂದು ಕಡೆಯಿಂದ. ಸೈಕಲ್ ಪಂಪ್ ಒತ್ತುವಾಗ ಅದರ ತುದಿ ಬಿಸಿಯಾಗುವಂತೆ, ಪಿಸ್ಟನ್ ಗಾಳಿಯನ್ನು ಒತ್ತಿದಾಗ ಉಷ್ಣತೆ ಏರುತ್ತದೆ. ಹತ್ತು ಪಟ್ಟು ಒತ್ತುವ ಎಂಜಿನ್ನಿನಲ್ಲಿ, ಒಳಬರುವ ಗಾಳಿ 30 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಒತ್ತುವಿಕೆಯ ಕೊನೆಯಲ್ಲಿ ಆ ವ್ಯತ್ಯಾಸ 60 ಡಿಗ್ರಿಗೂ ಮೀರುತ್ತದೆ. ಆಗ ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನೇ ಹೊತ್ತಿಕೊಳ್ಳುವ ಅಪಾಯವಿದೆ. ಇದೇ ‘ನಾಕಿಂಗ್’. ಎಂಜಿನ್ನಿನ ಕಂಪ್ಯೂಟರ್ ಇದನ್ನು ತಪ್ಪಿಸಲು ಸ್ಪಾರ್ಕ್ ಕೊಡುವ ಹೊತ್ತನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ಸ್ಪಾರ್ಕನ್ನು ತಡಮಾಡುತ್ತದೆ. ಎಂಜಿನ್ ಸುರಕ್ಷಿತ, ಆದರೆ ಪಿಕಪ್ ಹೋಯಿತು. ಏರುದಾರಿಯಲ್ಲಿ, ತುಂಬಿದ ಕಾರಿನಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಈ ಹಿಂತಳ್ಳುವಿಕೆ ಅತಿ ಹೆಚ್ಚು. ಖಂಬಾಟ್ಕಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ನಂತರ ಒಮ್ಮೆಲೇ ಮುಂದೆ ಹೋಗಲು ಪ್ರಯತ್ನಿಸಿದಾಗ ಇರುವುದು ಇದೇ ಸ್ಥಿತಿ.

ಸಮತಟ್ಟು ರಸ್ತೆಯಲ್ಲಿ 80ರ ವೇಗದಲ್ಲಿ ಹೋಗುವಾಗ ಬಿಸಿ ಗಾಳಿಯಿಂದ ಮೈಲೇಜ್ ಕುಸಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಆಗ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಅರ್ಧ ಮುಚ್ಚಿಯೇ ಇರುತ್ತದೆ. ಗಾಳಿ ಹಗುರವಾದರೆ ಅದು ಸ್ವಲ್ಪ ಹೆಚ್ಚು ತೆರೆದುಕೊಂಡು ಸರಿದೂಗಿಸುತ್ತದೆ. ಪೂರ್ತಿ ಶಕ್ತಿ ಬೇಕಾದಾಗ ಮಾತ್ರ ಕೊರತೆ ಗೊತ್ತಾಗುತ್ತದೆ.

ಮೊದಲ ಹಂತ: ಅಳೆಯುವ ಸಿದ್ಧತೆ

ಕಳೆದ ಹತ್ತು ವರ್ಷಗಳಲ್ಲಿ ಬಂದ ಬಹುತೇಕ ಎಲ್ಲ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಒಂದು ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಮೊಬೈಲಿಗೆ ಉಚಿತ ಆ್ಯಪ್‌ಗಳಿವೆ. ಆ್ಯಪ್‌ನಲ್ಲಿ ನಾಲ್ಕು ಅಂಕಿಗಳನ್ನು ಆರಿಸಿ ಪರದೆಯ ಮೇಲೆ ಇಟ್ಟುಕೊಳ್ಳಿ: ಇನ್‌ಟೇಕ್ ಗಾಳಿಯ ಉಷ್ಣತೆ (ಐಎಟಿ ಎಂದು ತೋರಿಸುತ್ತದೆ), ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಉಷ್ಣತೆ, ಸ್ಪಾರ್ಕ್ ಟೈಮಿಂಗ್, ವಾಹನದ ವೇಗ. ನಿಮ್ಮ ಕಾರು ಹೊರಗಿನ ಉಷ್ಣತೆಯನ್ನೂ ಕೊಡುವುದಾದರೆ ಅದನ್ನೂ ಸೇರಿಸಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತು ತೆಗೆಯಿರಿ. ವಾರಗಟ್ಟಲೆ ಅಲ್ಲೇ ಬಿಟ್ಟರೆ ಅದು ಬ್ಯಾಟರಿಯನ್ನು ಹೀರುತ್ತದೆ. ಓಡುವ ಕಾರಿನಲ್ಲಿ ಪರದೆ ನೋಡುವ ಕೆಲಸ ಪಕ್ಕದಲ್ಲಿ ಕುಳಿತವರದು, ಚಾಲಕನದಲ್ಲ.

ಸೆನ್ಸರ್ ಎಲ್ಲಿದೆ ಎಂದು ಗೊತ್ತಿದ್ದರೆ ಅಂಕಿಯ ಅರ್ಥ ಗೊತ್ತಾಗುತ್ತದೆ. ಕೆಲವು ಕಾರುಗಳಲ್ಲಿ ಅದು ಏರ್ ಫಿಲ್ಟರ್ ಡಬ್ಬಿಯ ನಂತರದ ಪೈಪಿನಲ್ಲಿ, ಗಾಳಿಯ ಹರಿವನ್ನು ಅಳೆಯುವ ಮಾಫ್ ಸೆನ್ಸರಿನ ಒಳಗೇ ಇರುತ್ತದೆ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಒತ್ತಡ ಮತ್ತು ಉಷ್ಣತೆ ಎರಡನ್ನೂ ಅಳೆಯುವ ಒಂದೇ ಸೆನ್ಸರ್ ಇನ್‌ಟೇಕ್ ಮ್ಯಾನಿಫೋಲ್ಡಿನ (ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಗುಂಪಿನ) ಮೇಲೆಯೇ ಕೂತಿರುತ್ತದೆ. ಎರಡನೆಯದು ಸಹಜವಾಗಿಯೇ ಹೆಚ್ಚು ತೋರಿಸುತ್ತದೆ. ಪಕ್ಕದ ಮನೆಯವರ ಕಾರಿನ ಅಂಕಿಯೊಡನೆ ನಿಮ್ಮದನ್ನು ಹೋಲಿಸುವುದು ಇದೇ ಕಾರಣಕ್ಕೆ ವ್ಯರ್ಥ.

ಎರಡನೇ ಹಂತ: ಸೆನ್ಸರ್ ನಿಜ ಹೇಳುತ್ತಿದೆಯೇ?

ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಇನ್‌ಟೇಕ್ ಉಷ್ಣತೆ, ಕೂಲಂಟ್ ಉಷ್ಣತೆ, ಹೊರಗಿನ ಉಷ್ಣತೆ ಮೂರೂ ನಾಲ್ಕೈದು ಡಿಗ್ರಿಯ ಅಂತರದೊಳಗೆ ಇರಬೇಕು. ಇನ್‌ಟೇಕ್ ಒಂದೇ ಬೇರೆ ದಾರಿ ಹಿಡಿದಿದ್ದರೆ ಗಾಳಿಯನ್ನು ದೂಷಿಸಬೇಡಿ, ಸೆನ್ಸರ್ ನೋಡಿ.

ಈ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ 20-25 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ನಿಖರ ಅಂಕಿ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟು, ಕೂದಲು ಒಣಗಿಸುವ ಡ್ರೈಯರಿನಿಂದ ನಿಧಾನವಾಗಿ ಬಿಸಿ ಮಾಡಿದರೆ ಅಂಕಿ ಜಿಗಿಯದೆ ನಯವಾಗಿ ಇಳಿಯಬೇಕು. ತಂತಿ ತುಂಡಾಗಿದ್ದರೆ ಆ್ಯಪ್ ಮೈನಸ್ 40 ಡಿಗ್ರಿ ತೋರಿಸುತ್ತದೆ, ಪಿ 0113 ಎಂಬ ದೋಷದ ಕೋಡ್ ಬರುತ್ತದೆ. ತಂತಿ ಶಾರ್ಟ್ ಆಗಿದ್ದರೆ ನಂಬಲಾಗದಷ್ಟು ಬಿಸಿ ತೋರಿಸಿ ಪಿ 0112 ಬರುತ್ತದೆ. ಸುಳ್ಳು ಚಳಿ ತೋರಿಸುವ ಸೆನ್ಸರಿನಿಂದ ಇಂಧನ ಹೆಚ್ಚು ಸುರಿಯುತ್ತದೆ, ಸುಳ್ಳು ಬಿಸಿ ತೋರಿಸುವುದರಿಂದ ಸ್ಪಾರ್ಕ್ ಹಿಂದೆ ಸರಿದು ಕಾರು ಸದಾ ಮಂಕಾಗಿರುತ್ತದೆ. ಪುಣೆಯ ಸೊಸೈಟಿಗಳ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇಲಿಗಳು ಈ ತಂತಿಗಳನ್ನು ಕಡಿಯುವುದು ಬಹಳ ಸಾಮಾನ್ಯ. ಮೊದಲು ತಂತಿಯ ಮೇಲೆ ಕಣ್ಣಾಡಿಸಿ, ಆಮೇಲೆ ಹೊಸ ಸೆನ್ಸರಿನ ಯೋಚನೆ ಮಾಡಿ.

ಮೂರನೇ ಹಂತ: ಓಡಿಸಿ ಅಳೆಯುವುದು

ಒಂದೇ ಮಧ್ಯಾಹ್ನದಲ್ಲಿ ಮೂರು ಸ್ಥಿತಿಗಳನ್ನು ದಾಖಲಿಸಿ. ಒಂದು, ಹತ್ತು ನಿಮಿಷ ದಟ್ಟಣೆಯಲ್ಲಿ ಸಾಗುವುದು. ಹಿಂಜವಡಿಯ ಸಂಜೆಯೋ ಸ್ವಾರಗೇಟಿನ ಮಧ್ಯಾಹ್ನವೋ ಇದನ್ನು ಬೇಡವೆಂದರೂ ಒದಗಿಸುತ್ತದೆ. ಎರಡು, ಬೈಪಾಸಿನಲ್ಲಿ ಸ್ಥಿರವಾಗಿ 70-80ರ ವೇಗ. ಮೂರು, ಒಂದು ಏರು. ಕಾತ್ರಜದ ಹಳೆಯ ಘಾಟ್ ಸಾಕು, ಇದಕ್ಕಾಗಿ ಎಕ್ಸ್‌ಪ್ರೆಸ್‌ವೇಗೆ ಹೋಗಬೇಕಿಲ್ಲ. ಹೊರಗಿನ ಉಷ್ಣತೆಗಿಂತ ಇನ್‌ಟೇಕ್ ಎಷ್ಟು ಮೇಲಿದೆ ಎಂಬ ಅಂತರವನ್ನು ಬರೆದುಕೊಳ್ಳಿ. ಅಂತರವೇ ಮುಖ್ಯ, ಅಂಕಿಯಲ್ಲ.

ಸ್ಥೂಲವಾಗಿ ಹೇಳುವುದಾದರೆ, ಟರ್ಬೋ ಇಲ್ಲದ ಆರೋಗ್ಯವಂತ ಕಾರು ಬೈಪಾಸಿನಲ್ಲಿ ಓಡುವಾಗ ಫಿಲ್ಟರ್ ಬಳಿಯ ಸೆನ್ಸರ್ ಹೊರಗಿಗಿಂತ 5-10 ಡಿಗ್ರಿ, ಮ್ಯಾನಿಫೋಲ್ಡಿನ ಸೆನ್ಸರ್ 10-20 ಡಿಗ್ರಿ ಹೆಚ್ಚು ತೋರಿಸುತ್ತದೆ. ದಟ್ಟಣೆಯಲ್ಲಿ 25-35 ಡಿಗ್ರಿ ಹೆಚ್ಚಾಗುವುದು ಸಹಜ. ರೇಡಿಯೇಟರ್ ಫ್ಯಾನ್ ಬಿಸಿ ಗಾಳಿಯನ್ನು ಎಂಜಿನ್ ಕಡೆಗೇ ಊದುತ್ತಿರುತ್ತದೆ, ಎದುರಿನಿಂದ ತಾಜಾ ಗಾಳಿ ಬರುವುದಿಲ್ಲ, ಬಾನೆಟ್ ಕೆಳಗಿನ ಪ್ಲಾಸ್ಟಿಕ್ ಮತ್ತು ಲೋಹ ಎಲ್ಲವೂ ಶಾಖವನ್ನು ಹೀರಿಕೊಂಡು ಕೂತಿರುತ್ತವೆ. ಕಾರು ನಿಲ್ಲಿಸಿ ಚಹಾ ಕುಡಿದು ಬಂದು ಮತ್ತೆ ಚಾಲೂ ಮಾಡಿದಾಗ 65-70 ಡಿಗ್ರಿ ಕಂಡರೂ ಗಾಬರಿ ಬೇಡ. ಆಗ ಸೆನ್ಸರ್ ಹೇಳುತ್ತಿರುವುದು ಬಹುಪಾಲು ತನ್ನದೇ ಮೈಯ ಬಿಸಿಯನ್ನು.

ನೋಡಬೇಕಾದದ್ದು ಇಳಿಯುವ ರೀತಿಯನ್ನು. ದಟ್ಟಣೆಯಿಂದ ಹೊರಬಂದು 60ರ ಮೇಲಿನ ವೇಗ ಹಿಡಿದರೆ ಎರಡು ಮೂರು ನಿಮಿಷಗಳಲ್ಲಿ ಅಂಕಿ ಸರಸರನೆ ಇಳಿಯಬೇಕು. ಹತ್ತು ನಿಮಿಷ ಓಡಿಸಿದರೂ ಹೊರಗಿಗಿಂತ 25-30 ಡಿಗ್ರಿ ಮೇಲೆಯೇ ನಿಂತಿದ್ದರೆ, ನಿಮ್ಮ ಎಂಜಿನ್ ಹೊರಗಿನ ಗಾಳಿಯ ಬದಲು ಬಾನೆಟ್ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತಿದೆ. ಮುಂದಿನ ಹಂತ ನಿಮಗಾಗಿಯೇ.

ನಾಲ್ಕನೇ ಹಂತ: ಗಾಳಿಯ ದಾರಿಯನ್ನು ಮೂಗಿನಿಂದ ಎಂಜಿನ್ನಿನವರೆಗೆ ಹಿಂಬಾಲಿಸುವುದು

ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆಯಿರಿ. ಏರ್ ಫಿಲ್ಟರ್ ಡಬ್ಬಿಯಿಂದ ಮುಂದಕ್ಕೆ, ರೇಡಿಯೇಟರಿನ ಮೇಲ್ಭಾಗ ಅಥವಾ ಹೆಡ್‌ಲೈಟ್ ಹಿಂಭಾಗದ ಕಡೆಗೆ ಒಂದು ಪ್ಲಾಸ್ಟಿಕ್ ನಳಿಗೆ ಹೋಗಿರುತ್ತದೆ. ಅದರ ಬಾಯಿ ರೇಡಿಯೇಟರಿಗಿಂತ ಮುಂದೆ, ಗ್ರಿಲ್‌ನಿಂದ ಬರುವ ತಾಜಾ ಗಾಳಿಗೆ ತೆರೆದಿರಬೇಕು. ಬಂಪರ್ ದುರಸ್ತಿಯಾದ ಕಾರುಗಳಲ್ಲಿ ಈ ನಳಿಗೆಯನ್ನು ಮರಳಿ ಜೋಡಿಸದೆ ಬಿಟ್ಟಿರುವುದು, ಕ್ಲಿಪ್ ಮುರಿದು ಅದು ಎಂಜಿನ್ ಕಡೆಗೆ ವಾಲಿರುವುದು ಬಹಳ ಸಲ ಕಾಣುತ್ತದೆ. ನಳಿಗೆಯ ಜೋಡಣೆ ಬಿಟ್ಟುಕೊಂಡಿದ್ದರೆ ಇಡೀ ವ್ಯವಸ್ಥೆಯೇ ವ್ಯರ್ಥ. ಒಂದು ಅಗ್ಗದ ಕ್ಲಿಪ್ ಅದನ್ನು ಸರಿಪಡಿಸುತ್ತದೆ.

ನಳಿಗೆಯೊಳಗೆ ಟಾರ್ಚ್ ಬಿಡಿ. ಒಣ ಎಲೆ, ಪ್ಲಾಸ್ಟಿಕ್ ಚೀಲದ ಚೂರು, ಇಲಿಯ ಗೂಡು ಸಿಗಬಹುದು. ಬಾನೆಟ್ ಅಂಚಿನ ಮತ್ತು ರೇಡಿಯೇಟರ್ ಸುತ್ತಲಿನ ರಬ್ಬರ್ ಪಟ್ಟಿಗಳು, ಅಡ್ಡ ತಡಿಕೆಗಳು ಅಲಂಕಾರಕ್ಕಿಲ್ಲ. ರೇಡಿಯೇಟರ್ ದಾಟಿದ ಬಿಸಿ ಗಾಳಿ ಸುತ್ತು ಹಾಕಿ ಮತ್ತೆ ಮುಂದೆ ಬರದಂತೆ ಅವು ತಡೆಯುತ್ತವೆ. ಕೆಳಗಿನ ಪ್ಲಾಸ್ಟಿಕ್ ಶೀಲ್ಡ್ ಕಿತ್ತುಹೋಗಿದ್ದರೆ ಹಾಕಿಸಿ. ಗ್ರಿಲ್ ಮುಂದೆ ಹೆಚ್ಚುವರಿ ಹಾರ್ನ್, ದೀಪ, ಜಾಲರಿ ಹಾಕಿಸಿದ್ದರೆ ಅವು ನಳಿಗೆಯ ಬಾಯಿಗೆ ಅಡ್ಡವಾಗಿಲ್ಲವೆಂದು ನೋಡಿ.

ಫಿಲ್ಟರ್ ಕೊಳೆಯಾಗಿದ್ದರೆ ಗಾಳಿ ಬಿಸಿಯಾಗುವುದಿಲ್ಲ, ಕಡಿಮೆಯಾಗುತ್ತದೆ, ಪರಿಣಾಮ ಒಂದೇ. ಮೆಟ್ರೋ ಕಾಮಗಾರಿಯ ದೂಳಿನಲ್ಲಿ ದಿನವೂ ಓಡಾಡುವವರು ಕೈಪಿಡಿಯ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಮೊದಲೇ ಬದಲಿಸಬೇಕು. ಕಾಗದದ ಫಿಲ್ಟರನ್ನು ಗಾಳಿ ಊದಿ ಮತ್ತೆ ಮತ್ತೆ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಜೋರಾಗಿ ಊದಿದರೆ ಅದರ ಎಳೆಗಳು ಹರಿಯುತ್ತವೆ, ದೂಳು ನೇರವಾಗಿ ಸಿಲಿಂಡರ್ ಸೇರುತ್ತದೆ.

ಸೆನ್ಸರಿನ ಮೇಲೆ ಮಸಿ, ಎಣ್ಣೆ ಕೂತಿದ್ದರೆ ಮಾಫ್ ಸೆನ್ಸರಿಗೆಂದೇ ಮಾಡಿದ ಕ್ಲೀನರ್ ಸ್ಪ್ರೇ ಬಳಸಿ, ಪೂರ್ತಿ ಒಣಗಲು ಬಿಟ್ಟು ಜೋಡಿಸಿ. ಬಟ್ಟೆ, ಬ್ರಷ್ ಮುಟ್ಟಿಸಲೇಬಾರದು. ಒಳಗಿನ ತಂತಿ ಬಹಳ ನಾಜೂಕು.

ಟರ್ಬೋ, ಡೀಸೆಲ್, ಸಿಎನ್‌ಜಿ

ಟರ್ಬೋ ಗಾಳಿಯನ್ನು ಒತ್ತುವಾಗಲೇ ಬಿಸಿ ಮಾಡುತ್ತದೆ. 32 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ ಟರ್ಬೋದಿಂದ ಹೊರಬರುವಾಗ ಅದು 110 ಡಿಗ್ರಿ ದಾಟಿರುತ್ತದೆ. ಅದನ್ನು ಇಳಿಸುವುದು ಇಂಟರ್‌ಕೂಲರ್. ಆದ್ದರಿಂದ ಟರ್ಬೋ ಕಾರಿನವರು ಫಿಲ್ಟರ್ ನಳಿಗೆಗಿಂತ ಮೊದಲು ಇಂಟರ್‌ಕೂಲರಿನ ರೆಕ್ಕೆಗಳನ್ನು ನೋಡಬೇಕು. ಮಳೆಗಾಲದ ಕೆಸರು, ಹೆದ್ದಾರಿಯ ಹುಳುಗಳು ಅಲ್ಲಿ ಗಟ್ಟಿಯಾಗಿ ಕೂರುತ್ತವೆ. ಸಾಧಾರಣ ಒತ್ತಡದ ನೀರಿನಿಂದ, ಸಾಧ್ಯವಾದರೆ ಹಿಂದಿನಿಂದ ಮುಂದಕ್ಕೆ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ತಂದರೆ ರೆಕ್ಕೆಗಳು ಬಾಗಿ ಗಾಳಿಯ ದಾರಿಯೇ ಮುಚ್ಚುತ್ತದೆ. ಪೈಪಿನ ಜೋಡಣೆಗಳಲ್ಲಿ ಎಣ್ಣೆಯ ಹೊಸ ಕಲೆ, ‘ಹುಸ್’ ಎಂಬ ಸದ್ದು ಇದ್ದರೆ ಸೋರಿಕೆಯಿದೆ. ಸೋರಿದ ಒತ್ತಡವನ್ನು ತುಂಬಲು ಟರ್ಬೋ ಹೆಚ್ಚು ದುಡಿದು ಗಾಳಿಯನ್ನು ಮತ್ತಷ್ಟು ಕಾಯಿಸುತ್ತದೆ. ಏರಿನಲ್ಲಿ ಪೂರ್ತಿ ಒತ್ತಿದಾಗ 20-30 ಡಿಗ್ರಿ ಏರಿ, ಕಾಲು ಸಡಿಲಿಸಿದೊಡನೆ ಇಳಿದರೆ ಇಂಟರ್‌ಕೂಲರ್ ಕೆಲಸ ಮಾಡುತ್ತಿದೆ ಎಂದರ್ಥ.

ಡೀಸೆಲ್ ಎಂಜಿನ್ನಿಗೆ ನಾಕಿಂಗಿನ ಈ ಭಯವಿಲ್ಲ. ಆದರೆ ಆಮ್ಲಜನಕ ಕಡಿಮೆಯಾದರೆ ಹೊಗೆ ಹೆಚ್ಚುತ್ತದೆ, ಅದನ್ನು ತಡೆಯಲು ಕಂಪ್ಯೂಟರ್ ಇಂಧನವನ್ನು ಕಡಿತ ಮಾಡುತ್ತದೆ.

ಪುಣೆ, ಮುಂಬೈಯಲ್ಲಿ ಸಿಎನ್‌ಜಿ ಕಾರುಗಳು ಬಹಳ. ಅವುಗಳ ಕಷ್ಟ ಬೇರೆ ಬಗೆಯದು. ಅನಿಲ ತಾನೇ ಮ್ಯಾನಿಫೋಲ್ಡಿನಲ್ಲಿ ಶೇಕಡಾ 9-10ರಷ್ಟು ಜಾಗ ಹಿಡಿಯುವುದರಿಂದ ಗಾಳಿಗೆ ಮೊದಲೇ ಜಾಗ ಕಡಿಮೆ; ಪೆಟ್ರೋಲಿನಂತೆ ಆವಿಯಾಗುತ್ತಾ ಗಾಳಿಯನ್ನು ತಂಪು ಮಾಡುವ ಗುಣವೂ ಅದಕ್ಕಿಲ್ಲ. ಎತ್ತರ, ಬಿಸಿ, ಎ.ಸಿ. ಎಲ್ಲ ಸೇರಿದಾಗ ಸಿಎನ್‌ಜಿಯಲ್ಲಿ ಘಾಟ್ ಭಾರವೆನಿಸುವುದು ದೋಷವಲ್ಲ. ಏರು ಶುರುವಾಗುವ ಮೊದಲು ಪೆಟ್ರೋಲಿಗೆ ಬದಲಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಹೊರಗಿನ ಕಿಟ್ ಹಾಕಿಸುವ ಮೊದಲು

ತೆರೆದ ಶಂಕುವಿನಾಕಾರದ ಫಿಲ್ಟರನ್ನು ಬಾನೆಟ್ ಕೆಳಗೇ ಕೂರಿಸಿದರೆ ಎಂಜಿನ್ನಿನ ಸದ್ದು ಹೆಚ್ಚುತ್ತದೆ, ಸದ್ದನ್ನೇ ಶಕ್ತಿಯೆಂದು ಭಾವಿಸುವುದು ಸುಲಭ. ಆ್ಯಪ್‌ನ ಅಂಕಿ ಬೇರೆಯೇ ಹೇಳುತ್ತದೆ, ಏಕೆಂದರೆ ಅದು ಎಳೆಯುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನು. ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾದರೆ ಮಾಫ್ ಸೆನ್ಸರ್ ಕೆಡುತ್ತದೆ.

ಪೈಪಿಗೆ ಹೊಳೆಯುವ ಶಾಖನಿರೋಧಕ ಟೇಪ್ ಸುತ್ತುವವರೂ ಇದ್ದಾರೆ. 1.2 ಲೀಟರ್ ಎಂಜಿನ್ 3000 ಸುತ್ತುಗಳಲ್ಲಿ ಪೂರ್ತಿ ಎಳೆಯುವಾಗ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಸಾಗುತ್ತದೆ. 60 ಮಿಲಿಮೀಟರ್ ವ್ಯಾಸದ, ಅರ್ಧ ಮೀಟರ್ ಉದ್ದದ ನಳಿಗೆಯನ್ನು ಅದು ದಾಟುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ. ಅಷ್ಟರಲ್ಲಿ ಪೈಪ್ ಅದನ್ನು ಎಷ್ಟು ಕಾಯಿಸೀತು? ಶಕ್ತಿ ಬೇಕಾದ ಹೊತ್ತಿಗೇ ಆ ಟೇಪಿನ ಪ್ರಯೋಜನ ಅತ್ಯಲ್ಪ. ಗಾಳಿ ಎಲ್ಲಿಂದ ಒಳಬರುತ್ತದೆ ಎಂಬುದು ಪೈಪಿನ ಹೊದಿಕೆಗಿಂತ ಎಷ್ಟೋ ಮುಖ್ಯ.

ನನಗೆ ನಿಜವಾಗಿಯೂ ಆತಂಕವಿರುವುದು ಫಿಲ್ಟರನ್ನು ಬಂಪರ್ ಕೆಳಭಾಗಕ್ಕೆ ಇಳಿಸುವ ಕಿಟ್‌ಗಳ ಬಗ್ಗೆ. ಅಲ್ಲಿ ಗಾಳಿ ತಂಪಾಗಿರುತ್ತದೆ, ನಿಜ. ಆದರೆ ಮುಂಬೈಯ ಹಿಂದಮಾತಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಪ್ರತಿ ಮಳೆಗಾಲದಲ್ಲಿ ಏನಾಗುತ್ತವೆ ಎಂದು ಅಲ್ಲಿನವರಿಗೆ ಹೇಳಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು ಅದು. ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಮುಗಿಯಿತು. ಕಂಪನಿಯವರು ನಳಿಗೆಯ ಬಾಯಿಯನ್ನು ಮೇಲೆ ಇಟ್ಟಿರುವುದು ಇದೇ ಕಾರಣಕ್ಕೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಳಗಿಳಿಸಿದ ಫಿಲ್ಟರ್ ಹಾಕಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ವಾರಂಟಿ ಮತ್ತು ವಿಮೆಯ ತಕರಾರು ಅದರ ಮೇಲಿನದು.

ಘಾಟ್ ಏರುವಾಗ

ದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದು ಒಮ್ಮೆಲೇ ದಾರಿ ತೆರೆದುಕೊಂಡರೆ, ಮುಂದಿನ ವಾಹನವನ್ನು ಹಿಂದಿಕ್ಕುವ ಮೊದಲು ಒಂದೆರಡು ನಿಮಿಷ ಸಾಧಾರಣ ವೇಗದಲ್ಲಿ ಸಾಗಿ ಗಾಳಿಯ ಉಷ್ಣತೆ ಇಳಿಯಲು ಬಿಡಿ. ಎಕ್ಸ್‌ಪ್ರೆಸ್‌ವೇನಲ್ಲಿ ಖೋಪೋಲಿಯಿಂದ ಖಂಡಾಲಾದವರೆಗಿನ ಏರಿನಲ್ಲಿ ಮೇಲಿನ ಗಿಯರಿನಲ್ಲಿ ಹಿಸುಕುವ ಬದಲು ಒಂದು ಗಿಯರ್ ಇಳಿಸಿ. ಸುತ್ತುಗಳು ಹೆಚ್ಚಾದರೆ ಪ್ರತಿ ಸ್ಫೋಟದ ಮೇಲಿನ ಭಾರ ಇಳಿಯುತ್ತದೆ, ನಾಕಿಂಗ್ ದೂರವಾಗುತ್ತದೆ, ಸ್ಪಾರ್ಕ್ ಮತ್ತೆ ಮುಂದಕ್ಕೆ ಬರುತ್ತದೆ. ಇದನ್ನು ಆ್ಯಪ್‌ನ ಟೈಮಿಂಗ್ ಅಂಕಿಯಲ್ಲಿ ಪಕ್ಕದವರು ಕಣ್ಣಾರೆ ನೋಡಬಹುದು. ಸಣ್ಣ ಎಂಜಿನ್ನಿನ ಕಾರಿನಲ್ಲಿ ಕಡಿದಾದ ತಿರುವುಗಳಿರುವಷ್ಟು ದೂರ ಎ.ಸಿ. ನಿಲ್ಲಿಸುವುದೂ ಉಪಯುಕ್ತ. ಕಂಪ್ರೆಸರ್ ತಿನ್ನುವ ಶಕ್ತಿ ಉಳಿಯುತ್ತದೆ, ರೇಡಿಯೇಟರ್ ಮುಂದಿನ ಕಂಡೆನ್ಸರ್ ಹೊರಹಾಕುವ ಶಾಖವೂ ನಿಲ್ಲುತ್ತದೆ.

ದುರಸ್ತಿ ಮುಗಿದ ಮೇಲೆ ಮೂರನೇ ಹಂತದ ಅದೇ ರಸ್ತೆಯಲ್ಲಿ, ಸಾಧ್ಯವಾದಷ್ಟು ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಅಂತರ 30ರಿಂದ 15ಕ್ಕೆ ಇಳಿದಿದ್ದರೆ ಗಾಳಿಯ ಸಾಂದ್ರತೆಯಿಂದ ಸಿಗುವುದು ಶೇಕಡಾ 3ರ ಆಸುಪಾಸು, ಸ್ಪಾರ್ಕ್ ಮುಂದಕ್ಕೆ ಬಂದಷ್ಟೂ ಅದರ ಮೇಲೆ ಇನ್ನಷ್ಟು. ಆ ಅಂಕಿಗಳನ್ನು ದಿನಾಂಕದೊಡನೆ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಶುರುವಾದಾಗ ನಳಿಗೆ, ಫಿಲ್ಟರ್, ಇಂಟರ್‌ಕೂಲರ್ ಮೂರನ್ನೂ ಇನ್ನೊಮ್ಮೆ ತೆರೆದು ನೋಡಿ, ಹೊಸ ಅಂತರವನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ.